ದೂರದಿಂದ ಕಲಿಸುವ ಮಾನವಾಂಶ ಶಾಸ್ತ್ರ



ನಮ್ಮ ಕೊರ್ಲಿಮ್ ಕೈಗಾರಿಕೆಯ ಊರು. ಇಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ದಿನವೂ ಪಾಳಿಯ ಪ್ರಕಾರ ಕೆಲಸಕ್ಕೆ ಹೋಗುವ ತಂದೆತಾಯಂದಿರ ಮಕ್ಕಳು ನಿಮ್ಮಲ್ಲಿ ಅನೇಕರು. ಯಂತ್ರದ ಮುಂದೆ ಎಂಟು ಗಂಟೆ ನಿಂತು ಮನೆಗೆ ಬಂದ ತಂದೆಯು ಸೊಂಟವನ್ನು ಹಿಡಿದುಕೊಂಡು ಕುಳಿತುಕೊಳ್ಳುವುದನ್ನು ನೀವು ಕಂಡಿದ್ದೀರಿ. ಆ ನೋವು ವಯಸ್ಸಿನದೇ, ದುಡಿಮೆಯದೇ ಅಥವಾ ನಿಂತು ಕೆಲಸಮಾಡುವ ಮೇಜಿನ ಎತ್ತರದ್ದೇ ಎಂದು ಕೇಳಿದವರು ವಿರಳ. ಹೀಗೆ ಕೇಳುವುದನ್ನೇ ಕಸುಬಾಗಿ ಮಾಡಿಕೊಂಡ ಒಂದು ಶಾಸ್ತ್ರವುಂಟು. ಅದನ್ನು ಹ್ಯೂಮನ್ ಫ್ಯಾಕ್ಟರ್ಸ್ ಎಂದೂ ಎರ್ಗನಾಮಿಕ್ಸ್ ಎಂದೂ ಕರೆಯುತ್ತಾರೆ. ನಾವು ಕನ್ನಡದಲ್ಲಿ ಮಾನವಾಂಶ ಶಾಸ್ತ್ರವೆನ್ನೋಣ. ಈಗ ಈ ಶಾಸ್ತ್ರವನ್ನು ಮನೆಯಲ್ಲಿಯೇ ಕುಳಿತು ದೂರದ ಪ್ರಾಧ್ಯಾಪಕರಿಂದ ಕಲಿಯುವ ಅನುಕೂಲವೂ ಒದಗಿದೆ. ಶಾಸ್ತ್ರವೆಂತಹುದು, ಅದನ್ನು ದೂರದಿಂದ ಕಲಿಸುವುದು ಹೇಗೆ, ಅದರಿಂದ ನಮಗಾಗುವ ಪ್ರಯೋಜನವೇನು ಎಂಬ ಮೂರು ಸಂಗತಿಗಳನ್ನು ಇಲ್ಲಿ ವಿವೇಚಿಸೋಣ.

೧. ಶಾಸ್ತ್ರದ ಹುಟ್ಟು

ಮನುಷ್ಯನು ಯಂತ್ರಕ್ಕೆ ಹೊಂದಿಕೊಳ್ಳಬೇಕೆ, ಯಂತ್ರವು ಮನುಷ್ಯನಿಗೆ ಹೊಂದಿಕೊಳ್ಳಬೇಕೆ? ಈ ಶಾಸ್ತ್ರದ ಮೂಲಪ್ರಶ್ನೆ ಇದೇ. ಪೋಲೆಂಡ್ ದೇಶದ ನಿಸರ್ಗಶಾಸ್ತ್ರಜ್ಞ ಯಾಸ್ತ್ರಜೆಂಬೊವ್ಸ್ಕಿ ಎಂಬಾತನು ೧೮೫೭ರಲ್ಲಿ ಗ್ರೀಕ್ ಭಾಷೆಯ ಎರಡು ಪದಗಳನ್ನು ಕೂಡಿಸಿ ‘ಎರ್ಗನಾಮಿಕ್ಸ್’ ಎಂಬ ಹೆಸರನ್ನು ಕಟ್ಟಿದನು. ಎರ್ಗನ್ ಎಂದರೆ ಕೆಲಸ, ನೋಮೋಸ್ ಎಂದರೆ ನಿಯಮ. ಆದರೆ ಹೆಸರು ಹುಟ್ಟಿದ ಬಹುಕಾಲದ ತರುವಾಯ, ಎರಡನೆಯ ಮಹಾಯುದ್ಧದ ಸಮಯದಲ್ಲಿ, ಶಾಸ್ತ್ರವು ಬಲಗೊಂಡಿತು.

ಆಗ ಅಮೆರಿಕೆಯ ಬಿ-೧೭ ಎಂಬ ಬಾಂಬರ್ ವಿಮಾನಗಳಲ್ಲಿ ಒಂದು ವಿಚಿತ್ರ ಅಪಘಾತವು ಮೇಲಿಂದ ಮೇಲೆ ಸಂಭವಿಸುತ್ತಿತ್ತು. ವಿಮಾನವು ಸುರಕ್ಷಿತವಾಗಿ ನೆಲಕ್ಕಿಳಿದ ಮೇಲೆ ಚಾಲಕನು ರೆಕ್ಕೆಯ ಫ್ಲಾಪುಗಳನ್ನು ಮಡಚಲು ಹೋಗಿ ಚಕ್ರಗಳನ್ನೇ ಮಡಚಿಬಿಡುತ್ತಿದ್ದನು. ವಿಮಾನವು ಹೊಟ್ಟೆಯ ಮೇಲೆ ಕುಸಿಯುತ್ತಿತ್ತು. ಚಾಲಕರ ಅಲಕ್ಷ್ಯವೇ ಕಾರಣವೆಂದು ಮೇಲಧಿಕಾರಿಗಳು ಬಗೆದರು. ಅಲ್ಫೋನ್ಸ್ ಚಪಾನಿಸ್ ಎಂಬ ತರುಣ ಮನಶ್ಶಾಸ್ತ್ರಜ್ಞನು ೧೯೪೩ರ ಸುಮಾರಿಗೆ ವಿಮಾನದೊಳಗೆ ಹೋಗಿ ನೋಡಿದಾಗ, ಫ್ಲಾಪಿನ ಹಿಡಿಯೂ ಚಕ್ರದ ಹಿಡಿಯೂ ಒಂದೇ ಆಕಾರದವಾಗಿ ಪಕ್ಕಪಕ್ಕದಲ್ಲಿರುವುದು ಕಂಡಿತು. ದಣಿದ ಮನುಷ್ಯನ ಕೈ ಕತ್ತಲಲ್ಲಿ ತಪ್ಪದೆ ಇನ್ನೇನು ಮಾಡೀತು? ಚಕ್ರದ ಹಿಡಿಯ ತುದಿಗೆ ಸಣ್ಣ ರಬ್ಬರಿನ ಗಾಲಿಯನ್ನೂ ಫ್ಲಾಪಿನ ಹಿಡಿಯ ತುದಿಗೆ ಬೆಣೆಯಾಕಾರದ ತುಣುಕನ್ನೂ ಅಂಟಿಸಿದರು. ಆ ಬಗೆಯ ಅಪಘಾತ ನಿಂತಿತು. ಚಾಲಕರು ಬದಲಾಗಲಿಲ್ಲ, ಹಿಡಿಗಳು ಬದಲಾದವು. ಈ ಒಂದು ಉದಾಹರಣೆಯಲ್ಲಿ ಶಾಸ್ತ್ರದ ಸಾರವೆಲ್ಲ ಅಡಗಿದೆ.

ಬ್ರಿಟನ್ನಿನಲ್ಲಿ ೧೯೪೯ರಲ್ಲಿ ಎರ್ಗನಾಮಿಕ್ಸ್ ಸಂಶೋಧನಾ ಸಂಘವೂ ಅಮೆರಿಕೆಯಲ್ಲಿ ೧೯೫೭ರಲ್ಲಿ ಹ್ಯೂಮನ್ ಫ್ಯಾಕ್ಟರ್ಸ್ ಸಂಘವೂ ಸ್ಥಾಪನೆಯಾದವು. ಅದೇ ೧೯೫೭ರಲ್ಲಿ ನಮ್ಮ ಬೆಂಗಳೂರಿನಲ್ಲಿ ವಾಯುಪಡೆಯ ವಿಮಾನ ವೈದ್ಯಕೀಯ ಶಾಲೆ ಆರಂಭವಾಯಿತು. ಇಂದು ಅದು ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಎಂದು ಹೆಸರಾಗಿದೆ. ಕನ್ನಡ ನಾಡಿಗೆ ಈ ವಿದ್ಯೆ ಹೊಸದಲ್ಲವೆಂಬುದು ಇದರಿಂದ ತಿಳಿಯುತ್ತದೆ.

೨. ಮಂಗಳೂರಿನ ಪಾಠ

ಈ ಶಾಸ್ತ್ರವನ್ನು ಅರಿಯದಿದ್ದರೆ ಎಂತಹ ಬೆಲೆಯನ್ನು ತೆರಬೇಕಾಗುತ್ತದೆಂಬುದಕ್ಕೆ ನಮ್ಮ ಕರಾವಳಿಯಲ್ಲಿಯೇ ದುಃಖಕರವಾದ ನಿದರ್ಶನವಿದೆ. ೨೦೧೦ರ ಮೇ ೨೨ರ ಬೆಳಗ್ಗೆ ದುಬೈಯಿಂದ ಬಂದ ವಿಮಾನವು ಮಂಗಳೂರಿನಲ್ಲಿ ಇಳಿಯುವಾಗ ರನ್‌ವೇಯನ್ನು ದಾಟಿ ಕಣಿವೆಗೆ ಉರುಳಿತು. ವಿಮಾನದಲ್ಲಿದ್ದ ೧೬೬ ಜನರಲ್ಲಿ ೧೫೮ ಜನರು ಮಡಿದರು, ಎಂಟು ಜನರು ಮಾತ್ರ ಉಳಿದರು.

ಸರಕಾರವು ನೇಮಿಸಿದ ವಿಚಾರಣಾ ಮಂಡಲಿಯು ಕಂಡುಕೊಂಡ ಸಂಗತಿಗಳು ಗಮನಾರ್ಹವಾಗಿವೆ. ಯಂತ್ರದಲ್ಲಿ ಅಪಘಾತಕ್ಕೆ ಕಾರಣವಾಗುವ ದೋಷ ಕಂಡುಬರಲಿಲ್ಲ. ಮುಖ್ಯ ಚಾಲಕನು ಪ್ರಯಾಣದಲ್ಲಿ ಬಹಳ ಹೊತ್ತು ನಿದ್ರಿಸಿದ್ದನೆಂದು ಧ್ವನಿಮುದ್ರಣದಿಂದ ತಿಳಿದುಬಂತು. ಗಾಢನಿದ್ರೆಯಿಂದ ಎದ್ದವನ ಬುದ್ಧಿ ಕೆಲವು ಹೊತ್ತು ಮಂದವಾಗಿರುತ್ತದೆ. ಇದನ್ನು ನಿದ್ರಾಜಡತೆ ಎನ್ನುತ್ತಾರೆ. ಅದು ಅವನ ನಿರ್ಣಯಶಕ್ತಿಯನ್ನು ಕುಂದಿಸಿರಬಹುದೆಂದು ಮಂಡಲಿಯು ಅಭಿಪ್ರಾಯಪಟ್ಟಿತು. ವಿಮಾನವು ಇಳಿಯಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರೋಣವೆಂದು ಕಿರಿಯ ಚಾಲಕನು ಮೂರು ಸಲ ಹೇಳಿದನು. ಎಚ್ಚರಿಕೆಯ ಯಂತ್ರವೂ ಕೂಗಿತು. ಹಿರಿಯನು ಕೇಳಲಿಲ್ಲ, ಕಿರಿಯನು ಅಧಿಕಾರವನ್ನು ತಾನೇ ವಹಿಸಿಕೊಳ್ಳಲಿಲ್ಲ.

ಇಲ್ಲಿ ಎರಡು ಮಾನವಾಂಶಗಳಿವೆ. ಮೊದಲನೆಯದು ಶರೀರಕ್ಕೆ ಸಂಬಂಧಿಸಿದ್ದು: ಬೆಳಗಿನ ಜಾವದಲ್ಲಿ ಮನುಷ್ಯನ ಎಚ್ಚರವು ಇಳಿಮುಖವಾಗಿರುತ್ತದೆ. ರಾತ್ರಿಪಾಳಿ ಮಾಡುವ ನಿಮ್ಮ ಮನೆಯ ಹಿರಿಯರಿಗೆ ಇದು ಅನುಭವದ ಮಾತು. ಎರಡನೆಯದು ಸಮಾಜಕ್ಕೆ ಸಂಬಂಧಿಸಿದ್ದು: ಕಿರಿಯನ ಮಾತು ಹಿರಿಯನ ಕಿವಿಗೆ ಹೋಗಲು ದಾರಿಯಿರಬೇಕು. ಹಿರಿಯರಿಗೆ ವಿಧೇಯರಾಗಿರುವುದು ನಮ್ಮ ಸಂಸ್ಕೃತಿಯ ಸದ್ಗುಣ, ನಿಜ. ಆದರೆ ಅಪಾಯವನ್ನು ಕಂಡವನು ಗಟ್ಟಿಯಾಗಿ ಹೇಳುವುದೂ ಹೇಳಿದ್ದನ್ನು ಹಿರಿಯನು ಆಲಿಸುವುದೂ ಅವಿಧೇಯತೆಯಲ್ಲ. ಅದು ಪರಸ್ಪರ ರಕ್ಷಣೆ.

೩. ದೂರಬೋಧನೆಯ ಹಾದಿ

ಇನ್ನು ಇಂತಹ ವಿದ್ಯೆಯನ್ನು ದೂರದಿಂದ ಕಲಿಸುವ ವಿಚಾರ. ದೂರಬೋಧನೆಯು ಅಂತರಜಾಲದೊಡನೆ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಐಸಾಕ್ ಪಿಟ್‌ಮನ್ ೧೮೪೦ರಲ್ಲಿಯೇ ಅಂಚೆಯ ಮೂಲಕ ಶೀಘ್ರಲಿಪಿಯನ್ನು ಕಲಿಸಿದನು. ಭಾರತದಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ೧೯೬೨ರಲ್ಲಿ ಅಂಚೆ ಶಿಕ್ಷಣವನ್ನು ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿ ಅದೇ ಮಾರ್ಗವನ್ನು ಹಿಡಿಯಿತು. ಆ ಬೀಜವೇ ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು.

೧೯೭೫ರ ಆಗಸ್ಟಿನಿಂದ ೧೯೭೬ರ ಜುಲೈವರೆಗೆ ಒಂದು ವರ್ಷಕಾಲ ನಮ್ಮ ದೇಶದಲ್ಲಿ ಸೈಟ್ ಎಂಬ ಮಹಾಪ್ರಯೋಗವು ನಡೆಯಿತು. ಅಮೆರಿಕೆಯ ಎ.ಟಿ.ಎಸ್.-೬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಟೆಲಿವಿಷನ್ ಪಾಠಗಳು ಇಳಿದುಬಂದವು. ಕರ್ನಾಟಕದ ಉತ್ತರ ಭಾಗದ ಹಳ್ಳಿಗಳೂ ಅದರಲ್ಲಿ ಸೇರಿದ್ದುವು. ನಿಮ್ಮಲ್ಲಿ ಹಲವರ ಹಿರಿಯರ ಊರುಗಳು ಆ ಸೀಮೆಯವೇ. ವಿದ್ಯುತ್ತೇ ಅಪರೂಪವಾಗಿದ್ದ ಹಳ್ಳಿಯ ಕಟ್ಟೆಯ ಮುಂದೆ ಆಕಾಶದಿಂದ ಕನ್ನಡದ ಪಾಠವು ಬಂದುದು ಸಾಮಾನ್ಯ ಸಂಗತಿಯಲ್ಲ. ೨೦೦೪ರಲ್ಲಿ ಭಾರತವು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವು ಅದರ ಮೂಲಕ ಕಾಲೇಜುಗಳಿಗೆ ಪಾಠಗಳನ್ನು ಕಳುಹಿಸಿತು.

೨೦೦೩ರಲ್ಲಿ ಏಳು ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ಎನ್.ಪಿ.ಟಿ.ಇ.ಎಲ್. ಎಂಬ ಯೋಜನೆಯನ್ನು ಆರಂಭಿಸಿದವು. ೨೦೧೭ರಲ್ಲಿ ಕೇಂದ್ರ ಸರಕಾರದ ‘ಸ್ವಯಂ’ ಎಂಬ ಕಲಿಕೆಯ ತಾಣವು ಲೋಕಾರ್ಪಣೆಯಾಯಿತು. ಗುವಾಹಾಟಿಯ ಐ.ಐ.ಟಿ.ಯ ವಿನ್ಯಾಸ ವಿಭಾಗದ ಪ್ರಾಧ್ಯಾಪಕರು ಈ ಮಾರ್ಗದಿಂದಲೇ ಎರ್ಗನಾಮಿಕ್ಸ್ ಪಾಠಗಳನ್ನು ದೇಶಕ್ಕೆಲ್ಲ ಹೇಳಿದ್ದಾರೆ. ಬ್ರಹ್ಮಪುತ್ರೆಯ ದಡದಲ್ಲಿ ಆಡಿದ ಮಾತನ್ನು ಮಾಂಡೋವಿಯ ದಡದಲ್ಲಿ ಕುಳಿತು ಕೇಳಬಹುದು.

೨೦೨೦ರಲ್ಲಿ ಕೋವಿಡ್ ಮಹಾಮಾರಿಯಿಂದ ಶಾಲೆಗಳು ಮುಚ್ಚಿದಾಗ ದೂರಬೋಧನೆಯು ಎಲ್ಲರ ಮನೆಗೂ ಬಂದಿತು. ಕರ್ನಾಟಕದಲ್ಲಿ ದೂರದರ್ಶನದ ಚಂದನ ವಾಹಿನಿಯ ಮೂಲಕ ‘ಸಂವೇದ’ ಪಾಠಗಳು ನಡೆದವು. ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರು ಗುಡಿಯ ಅಂಗಳದಲ್ಲಿಯೂ ಮರದ ನೆರಳಿನಲ್ಲಿಯೂ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ದೂರದ ಧ್ವನಿಯು ಎಷ್ಟೇ ವಿದ್ವತ್ಪೂರ್ಣವಾಗಿದ್ದರೂ ಹತ್ತಿರದಲ್ಲೊಬ್ಬ ಮನುಷ್ಯನು ಬೇಕೆಂಬುದನ್ನು ಆ ವರ್ಷವು ನಮಗೆ ತೋರಿಸಿಕೊಟ್ಟಿತು.

೪. ಪರದೆಯ ಮುಂದೆ ಕುಳಿತ ಮನುಷ್ಯ

ಮಾನವಾಂಶ ಶಾಸ್ತ್ರವನ್ನು ದೂರದಿಂದ ಕಲಿಸುವ ಪ್ರಾಧ್ಯಾಪಕನು ಒಂದು ವಿಶೇಷವಾದ ಪರೀಕ್ಷೆಗೆ ಒಳಗಾಗುತ್ತಾನೆ. ಮನುಷ್ಯನ ಕಣ್ಣು, ಕಿವಿ, ನೆನಪು, ಗಮನ ಇವುಗಳ ಮಿತಿಗಳು ಅವನ ಪಾಠದ ವಿಷಯ. ಅದೇ ಮಿತಿಗಳುಳ್ಳ ವಿದ್ಯಾರ್ಥಿಯೇ ಪರದೆಯ ಆಚೆಗೆ ಕುಳಿತಿದ್ದಾನೆ. ಗಮನವು ಬಹುಬೇಗ ಬಳಲುತ್ತದೆಂಬ ತತ್ತ್ವವನ್ನು ಎರಡು ಗಂಟೆಯ ಎಡೆಬಿಡದ ಉಪನ್ಯಾಸದಲ್ಲಿ ವಿವರಿಸುವ ಗುರುವು ತನ್ನ ಶಾಸ್ತ್ರವನ್ನು ತಾನೇ ಸುಳ್ಳಾಗಿಸಿದಂತೆ. ಆದಕಾರಣ ಇಲ್ಲಿ ಪಾಠದ ವಿಷಯವೂ ಪಾಠದ ರೀತಿಯೂ ಒಂದನ್ನೊಂದು ಪರೀಕ್ಷಿಸುತ್ತವೆ.

ಇಂಗ್ಲೆಂಡಿನ ಮ್ಯಾಕ್‌ವರ್ತ್ ೧೯೪೮ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಗಡಿಯಾರದಂತಹ ಬಿಲ್ಲೆಯ ಮೇಲೆ ಮುಳ್ಳು ಒಂದೊಂದೇ ಹೆಜ್ಜೆ ಜಿಗಿಯುತ್ತದೆ. ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ನೋಡುವವನು ಅದನ್ನು ಗುರುತಿಸಬೇಕು. ಚುರುಕಾದ ತರುಣರೂ ಅರ್ಧ ಗಂಟೆಯೊಳಗೇ ಹೆಚ್ಚುಹೆಚ್ಚಾಗಿ ತಪ್ಪತೊಡಗಿದರು. ೨೦೧೪ರಲ್ಲಿ ಅಮೆರಿಕೆಯ ಸಂಶೋಧಕರು ಲಕ್ಷಗಟ್ಟಲೆ ವೀಡಿಯೋ ವೀಕ್ಷಣೆಗಳನ್ನು ಪರಿಶೀಲಿಸಿ, ಆರು ನಿಮಿಷಕ್ಕಿಂತ ಉದ್ದವಾದ ಪಾಠಗಳಲ್ಲಿ ವಿದ್ಯಾರ್ಥಿಗಳ ಆಸಕ್ತಿ ಇಳಿಯುತ್ತದೆಂದು ಕಂಡರು. ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ ೧೯೫೬ರಲ್ಲಿ ತೋರಿಸಿದಂತೆ, ಮನುಷ್ಯನು ಒಮ್ಮೆಗೆ ನೆನಪಿನಲ್ಲಿ ಹಿಡಿಯಬಲ್ಲ ಬಿಡಿ ಸಂಗತಿಗಳು ಏಳರ ಆಸುಪಾಸಿನವು. ಹೀಗಿರುವಲ್ಲಿ ಪರದೆಯ ತುಂಬ ಇಪ್ಪತ್ತು ಸಾಲುಗಳನ್ನು ಬರೆದು ಓದಿಹೇಳುವುದರಿಂದ ಫಲವೇನು?

ಸ್ಟ್ಯಾನ್‌ಫರ್ಡಿನ ಜೆರೆಮಿ ಬೈಲೆನ್ಸನ್ ೨೦೨೧ರಲ್ಲಿ ವೀಡಿಯೋ ತರಗತಿಗಳ ದಣಿವಿಗೆ ನಾಲ್ಕು ಕಾರಣಗಳನ್ನು ಸೂಚಿಸಿದರು. ಹಲವರು ಹತ್ತಿರದಿಂದ ನಮ್ಮನ್ನೇ ದಿಟ್ಟಿಸುವಂತೆ ತೋರುವುದು, ನಮ್ಮ ಮುಖವನ್ನೇ ನಾವು ನೋಡುತ್ತ ಕೂರುವುದು, ಕುಳಿತಲ್ಲಿಂದ ಅಲುಗಾಡದಿರುವುದು, ಮಾತಿಲ್ಲದ ಸನ್ನೆಗಳನ್ನು ಅರಿಯಲು ಮನಸ್ಸು ಹೆಚ್ಚು ಶ್ರಮಿಸುವುದು. ಎದುರಿಗಿರುವ ತರಗತಿಯಲ್ಲಿ ಶಿಕ್ಷಕನು ಮಗುವಿನ ಹುಬ್ಬು ಗಂಟಿಕ್ಕಿದ್ದನ್ನು ಕಂಡ ಕೂಡಲೇ ಮತ್ತೊಮ್ಮೆ ವಿವರಿಸುತ್ತಾನೆ. ದೂರದ ಗುರುವಿಗೆ ಈ ಅನುಕೂಲವಿಲ್ಲ. ಧ್ವನಿ ಮುಚ್ಚಿಕೊಂಡ ನಲವತ್ತು ಮಂದಿಯ ಮೌನವು ‘ತಿಳಿಯಿತು’ ಎಂಬುದರ ಗುರುತಲ್ಲ. ಮಂಗಳೂರಿನ ಪಾಠವನ್ನು ಇಲ್ಲಿ ನೆನೆಯಿರಿ. ಕಿರಿಯನು ಮಾತಾಡುವ ದಾರಿಯನ್ನು ಹಿರಿಯನೇ ತೆರೆದಿಡಬೇಕು.

ಹಾಗಾದರೆ ಒಳ್ಳೆಯ ದೂರಬೋಧಕನು ಏನು ಮಾಡಬೇಕು? ಪಾಠವನ್ನು ಸಣ್ಣ ಸಣ್ಣ ತುಣುಕುಗಳಾಗಿ ಒಡೆಯಬೇಕು. ಪ್ರತಿಯೊಂದು ತುಣುಕಿನ ತರುವಾಯ ಪ್ರಶ್ನೆಯನ್ನು ಕೇಳಿ ಉತ್ತರವನ್ನು ಬರೆಯಿಸಬೇಕು. ಬಾಯಿಬಿಟ್ಟು ಕೇಳಲು ನಾಚುವವರಿಗೆ ಬರೆದು ಕೇಳುವ ಅವಕಾಶವನ್ನು ಕೊಡಬೇಕು. ಸಂಪರ್ಕ ಕಡಿದುಹೋದವರು ಮತ್ತೆ ಕೇಳುವಂತೆ ಪಾಠವನ್ನು ಉಳಿಸಿಡಬೇಕು. ದೂರಶಿಕ್ಷಣದ ವಿದ್ವಾಂಸ ಮೈಕೆಲ್ ಮೂರ್ ಹೇಳುವಂತೆ, ಗುರುಶಿಷ್ಯರ ನಡುವಣ ನಿಜವಾದ ದೂರವನ್ನು ಮೈಲಿಗಳಿಂದ ಅಳೆಯಲಾಗದು. ಸಂಭಾಷಣೆ ಹೆಚ್ಚಿದಷ್ಟೂ ಆ ದೂರವು ಕಡಮೆಯಾಗುತ್ತದೆ. ಒಂದೇ ಕೊಠಡಿಯಲ್ಲಿದ್ದೂ ಮಾತಿಲ್ಲದ ಗುರುಶಿಷ್ಯರು ಬಹು ದೂರದವರೇ ಸರಿ.

೫. ಮನೆಯೇ ಪ್ರಯೋಗಶಾಲೆ

ದೂರಬೋಧನೆಗೆ ನ್ಯೂನತೆಗಳಿರುವಂತೆ ಒಂದು ದೊಡ್ಡ ಲಾಭವೂ ಉಂಟು. ರಸಾಯನಶಾಸ್ತ್ರಕ್ಕೆ ಪ್ರಯೋಗಶಾಲೆ ಬೇಕು. ಮಾನವಾಂಶ ಶಾಸ್ತ್ರಕ್ಕೆ ಮನುಷ್ಯನೂ ಅವನ ಕೆಲಸದ ಜಾಗವೂ ಇದ್ದರೆ ಬಹುಮಟ್ಟಿಗೆ ಸಾಕು. ಅವು ಪ್ರತಿಯೊಬ್ಬ ವಿದ್ಯಾರ್ಥಿಯ ಮನೆಯಲ್ಲಿಯೂ ಇವೆ. ವಿಶ್ವವಿದ್ಯಾನಿಲಯದ ಕೊಠಡಿಗೆ ಬಂದವನು ಅಲ್ಲಿಯ ಮೇಜನ್ನು ಮಾತ್ರ ಅಳೆದಾನು. ಮನೆಯಲ್ಲಿ ಕುಳಿತು ಕಲಿಯುವವನು ತನ್ನ ತಾಯಿಯ ಅಡಿಗೆಮನೆಯನ್ನೂ ತನ್ನ ತಂದೆಯ ಕೆಲಸದ ಬೆಂಚನ್ನೂ ಅಳೆಯುತ್ತಾನೆ.

ಚಪಾನಿಸನೂ ಅವನ ಸಂಗಡಿಗನೂ ೧೯೫೯ರಲ್ಲಿ ನಾಲ್ಕು ಉರಿಗಳ ಒಲೆಯನ್ನು ಕುರಿತು ಒಂದು ಪ್ರಯೋಗವನ್ನು ಪ್ರಕಟಿಸಿದರು. ಉರಿಗಳು ಚೌಕಾಕಾರದಲ್ಲಿದ್ದು ಗುಂಡಿಗಳು ಒಂದೇ ಸಾಲಿನಲ್ಲಿದ್ದರೆ, ಯಾವ ಗುಂಡಿ ಯಾವ ಉರಿಯದೆಂದು ಜನರು ತಡವರಿಸುತ್ತಾರೆ. ಉರಿಗಳನ್ನು ಸ್ವಲ್ಪ ಓರೆಯಾಗಿ ಸರಿಸಿ ಗುಂಡಿಗಳ ಕ್ರಮಕ್ಕೆ ಹೊಂದಿಸಿದರೆ ತಡವರಿಕೆ ಮಾಯವಾಗುತ್ತದೆ. ನಮ್ಮ ತರಗತಿಯ ಸ್ವಿಚ್ ಬೋರ್ಡನ್ನು ನೋಡಿರಿ. ಮೂಲೆಯ ಫ್ಯಾನನ್ನು ಹಚ್ಚಲು ಹೋಗಿ ಎಷ್ಟು ಸಲ ದೀಪವನ್ನು ಆರಿಸಿದ್ದೀರಿ! ಅದು ನಿಮ್ಮ ದಡ್ಡತನವಲ್ಲ, ಬೋರ್ಡಿನ ದೋಷ.

ಇನ್ನು ಅಳತೆಯ ಮಾತು. ಬೇರೆ ದೇಶದವರ ಮೈಕಟ್ಟಿಗೆ ಅಳೆದು ಮಾಡಿದ ಯಂತ್ರವು ನಮ್ಮವರ ಕೈಗೆ ಎಟುಕದೆ ಇರಬಹುದು. ಈ ಕಾರಣದಿಂದ ೧೯೯೭ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಭಾರತೀಯರ ದೇಹದ ಅಳತೆಗಳ ಗ್ರಂಥವೊಂದನ್ನು ಪ್ರಕಟಿಸಿತು. ಅದರ ಕರ್ತೃ ದೇಬ್‌ಕುಮಾರ್ ಚಕ್ರವರ್ತಿಯವರು ಮುಂದೆ ಗುವಾಹಾಟಿಯಲ್ಲಿ ಪ್ರಾಧ್ಯಾಪಕರಾಗಿದ್ದರು. ನಿಂತು ಮಾಡುವ ಸಾಧಾರಣ ಕೆಲಸಕ್ಕೆ ಮೇಜಿನ ಎತ್ತರವು ಮೊಣಕೈಗಿಂತ ತುಸು ಕೆಳಗಿರಬೇಕೆಂಬುದು ಈ ಶಾಸ್ತ್ರದ ಸಾಮಾನ್ಯ ನಿಯಮ. ಮೇಜು ತೀರ ತಗ್ಗಾದರೆ ಸೊಂಟ ಬಾಗುತ್ತದೆ, ತೀರ ಎತ್ತರವಾದರೆ ಹೆಗಲು ನೋಯುತ್ತದೆ. ದೂರದ ಪ್ರಾಧ್ಯಾಪಕನು ನೂರು ವಿದ್ಯಾರ್ಥಿಗಳಿಗೆ ‘ನಿಮ್ಮ ಮನೆಯ ಅಡಿಗೆಕಟ್ಟೆಯನ್ನು ಅಳೆದು ಬರೆಯಿರಿ’ ಎಂದರೆ, ನೂರು ಊರುಗಳ ಅಳತೆಗಳು ಒಂದು ದಿನದಲ್ಲಿ ಅವನ ಮುಂದೆ ಬರುತ್ತವೆ. ಯಾವ ಕೊಠಡಿಯ ತರಗತಿಗೂ ಈ ಸಂಪತ್ತು ದೊರೆಯದು.

ಆದರೆ ಎಲ್ಲವನ್ನೂ ದೂರದಿಂದ ಕಲಿಸಬಹುದೆಂದು ಭ್ರಮಿಸಬಾರದು. ಭಾರವನ್ನೆತ್ತುವ ಕ್ರಮವನ್ನು ತಿದ್ದಲು ಪಕ್ಕದಲ್ಲೊಬ್ಬರು ನಿಂತು ನೋಡಬೇಕು. ಯಂತ್ರದ ಸದ್ದನ್ನೂ ಅದರ ಕಂಪನವನ್ನೂ ಪರದೆಯು ಸರಿಯಾಗಿ ತಿಳಿಸಲಾರದು. ಚಲಿಸುವ ಯಂತ್ರದ ಬಳಿ ಅಳೆಯಲು ಮಕ್ಕಳು ಎಂದಿಗೂ ಹೋಗಕೂಡದು. ಅಂತಹ ಕೆಲಸಕ್ಕೆ ತಿಳಿದವರ ಸಮ್ಮುಖವೂ ಒಡೆಯರ ಅನುಮತಿಯೂ ಅವಶ್ಯ.

೬. ತಂದೆತಾಯಿಗಳಲ್ಲಿ ವಿನಂತಿ

ಪಾಲಕರಲ್ಲಿ ಕೆಲವು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕಾಗಿದೆ. ಫೋನಿನಲ್ಲಿ ಪಾಠ ಕೇಳುವ ಮಗುವು ಅತ್ತಿತ್ತ ನೋಡಿದ ಮಾತ್ರಕ್ಕೆ ಸೋಮಾರಿಯೆಂದು ಗದರಿಸಬೇಡಿರಿ. ಒಂದೇ ಕೋಣೆಯಲ್ಲಿ ಅಡಿಗೆ, ಟೆಲಿವಿಷನ್, ತಮ್ಮನ ಅಳು ಇವೆಲ್ಲ ನಡೆಯುವಾಗ ದೊಡ್ಡವರ ಗಮನವೂ ನಿಲ್ಲಲಾರದು. ಪಾಠದ ಹೊತ್ತಿಗೆ ಟೆಲಿವಿಷನ್ನನ್ನು ನಿಲ್ಲಿಸಿರಿ. ಫೋನನ್ನು ಕೈಯಲ್ಲಿ ಹಿಡಿಯಿಸದೆ ಡಬ್ಬಿಯ ಮೇಲೋ ಪುಸ್ತಕಗಳ ರಾಶಿಯ ಮೇಲೋ ಕಣ್ಣಿನ ಮಟ್ಟಕ್ಕೆ ಒರಗಿಸಿಡಿರಿ. ಬೆಳಕು ಪರದೆಯ ಮೇಲೆ ಹೊಳೆಯದಂತೆ ಬದಿಯಿಂದ ಬರಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಮಗುವು ತಲೆಯೆತ್ತಿ ದೂರದ ಮರವನ್ನು ಸ್ವಲ್ಪ ಹೊತ್ತು ನೋಡಲಿ. ಮನೆಯಲ್ಲಿ ಒಂದೇ ಫೋನಿದ್ದು ಮೂವರು ಮಕ್ಕಳಿದ್ದರೆ ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸಿರಿ. ಆ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಸರದಿ ಕೊನೆಗೆ ಉಳಿಯದಿರಲಿ.

ಪಾಠವು ಮುಗಿದ ಮೇಲೆ ‘ಇಂದು ಏನು ಕಲಿತೆ? ನನಗೆ ಹೇಳು’ ಎಂದು ಕೇಳಿರಿ. ಇದಕ್ಕೆ ನೀವು ಓದು ಬಲ್ಲವರಾಗಬೇಕಿಲ್ಲ. ೨೦೦೬ರಲ್ಲಿ ಅಮೆರಿಕೆಯ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು ನಡೆಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ ಪುಸ್ತಕವನ್ನು ಮುಚ್ಚಿ ನೆನೆದು ಬರೆದವರು ಒಂದು ವಾರದ ತರುವಾಯ ಹೆಚ್ಚು ನೆನಪಿಟ್ಟುಕೊಂಡಿದ್ದರು. ತಾಯಿಗೆ ಪಾಠ ಒಪ್ಪಿಸುವ ನಮ್ಮ ಹಳೆಯ ಪದ್ಧತಿಗೆ ಇದಕ್ಕಿಂತ ಬೇರೆ ಸಮರ್ಥನೆ ಬೇಕಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಇಂತಹ ಶಾಸ್ತ್ರ ದಕ್ಕೀತೆ ಎಂದು ಶಂಕಿಸುವವರುಂಟು. ದೂರಪಾಠಗಳಲ್ಲಿ ಹೆಚ್ಚಿನವು ಇಂಗ್ಲಿಷಿನಲ್ಲಿವೆಯೆಂಬುದು ನಿಜ. ಎನ್.ಪಿ.ಟಿ.ಇ.ಎಲ್.ನ ಕೆಲವು ಪಾಠಗಳ ಬರಹರೂಪಗಳು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ದೊರೆಯುತ್ತಿವೆ. ಆದರೆ ಭಾಷೆಗಿಂತ ಮೊದಲು ಬೇಕಾದುದು ನೋಡುವ ಕಣ್ಣು. ‘ಈ ಹಿಡಿಕೆ ಇಲ್ಲೇಕಿದೆ? ಇದು ಎಡಗೈಯವನಿಗೆ ಎಟುಕುತ್ತದೆಯೆ?’ ಎಂಬ ಪ್ರಶ್ನೆಯು ತಾಯ್ನುಡಿಯಲ್ಲಿಯೇ ಮೊದಲು ಹುಟ್ಟುತ್ತದೆ. ಹುಟ್ಟಿದ ಪ್ರಶ್ನೆಗೆ ಇಂಗ್ಲಿಷಿನ ಹೆಸರನ್ನು ಆಮೇಲೆ ಕಲಿಯಬಹುದು. ಪ್ರಶ್ನೆಯೇ ಹುಟ್ಟದವನಿಗೆ ಹೆಸರುಗಳಿಂದ ಆಗಬೇಕಾದುದೇನು?

ಕೊನೆಯದಾಗಿ ಒಂದು ಮಾತು. ಕೆಲಸದಲ್ಲಿ ಕೈಗೆ ಗಾಯವಾದಾಗ ‘ಎಚ್ಚರದಿಂದಿರಬೇಕಿತ್ತು’ ಎಂದು ಹೇಳಿ ಮುಗಿಸುವುದು ಲೋಕರೂಢಿ. ಎಚ್ಚರವು ಬೇಕೇ ಬೇಕು. ಆದರೆ ಎಚ್ಚರಕ್ಕೂ ಒಂದು ಮಿತಿಯಿದೆಯೆಂದು, ಆ ಮಿತಿಯನ್ನು ತಿಳಿದು ಸಾಧನವನ್ನು ರೂಪಿಸುವುದು ಬಲ್ಲವರ ಹೊಣೆಯೆಂದು ಈ ಶಾಸ್ತ್ರವು ಸಾರುತ್ತದೆ. ದುಡಿಯುವವರ ಮನೆಯಲ್ಲಿ ಹುಟ್ಟಿ ಅವರ ನೋವನ್ನು ಹತ್ತಿರದಿಂದ ಕಂಡ ಮಕ್ಕಳಿಗಿಂತ ಇದನ್ನು ಕಲಿಯಲು ಹೆಚ್ಚು ಅರ್ಹರಾದವರು ಯಾರು? ನಿಮ್ಮಲ್ಲೊಬ್ಬರು ಮುಂದೆ ಈ ವಿದ್ಯೆಯಲ್ಲಿ ಪಾರಂಗತರಾಗಿ, ದುಡಿಯುವ ಕೈಗೆ ತಕ್ಕ ಯಂತ್ರವನ್ನು ರೂಪಿಸುವಂತಾಗಲಿ.

ಅಭ್ಯಾಸ

೧. ನಿಮ್ಮ ಮನೆಯ ಅಡಿಗೆಕಟ್ಟೆಯ ಎತ್ತರವನ್ನೂ ಅಲ್ಲಿ ಅಡಿಗೆ ಮಾಡುವವರು ನಿಂತಾಗ ಅವರ ಮೊಣಕೈಯ ಎತ್ತರವನ್ನೂ ಅಳೆಯಿರಿ. ವ್ಯತ್ಯಾಸವೆಷ್ಟು? ಅವರಿಗೆ ಎಲ್ಲಿ ನೋವಾಗುತ್ತದೆಂದು ಕೇಳಿ ಬರೆಯಿರಿ.

೨. ಗೆಳೆಯನಿಗೆ ಐದು ಅಂಕಿಗಳನ್ನು ಒಂದೊಂದಾಗಿ ಓದಿ ಹೇಳಿರಿ. ಅವನು ಅದೇ ಕ್ರಮದಲ್ಲಿ ಹೇಳಲಿ. ಬಳಿಕ ಆರು, ಏಳು, ಎಂಟು, ಒಂಬತ್ತು ಅಂಕಿಗಳಿಂದ ಪ್ರಯತ್ನಿಸಿರಿ. ಎಲ್ಲಿ ತಪ್ಪುತ್ತಾನೆ?

೩. ಕಾಗದದ ಮೇಲೆ ಎರಡು ದೊಡ್ಡ ವೃತ್ತಗಳನ್ನು ಹತ್ತಿರ ಹತ್ತಿರ ಬರೆದು, ಇಪ್ಪತ್ತು ಸೆಕೆಂಡುಗಳಲ್ಲಿ ಪೆನ್ಸಿಲಿನಿಂದ ಒಂದಾದ ಮೇಲೊಂದನ್ನು ಎಷ್ಟು ಸಲ ಮುಟ್ಟಬಹುದೆಂದು ಎಣಿಸಿರಿ. ಮತ್ತೆ ಎರಡು ಚಿಕ್ಕ ವೃತ್ತಗಳನ್ನು ದೂರ ದೂರ ಬರೆದು ಎಣಿಸಿರಿ. ಗುರಿಯು ಚಿಕ್ಕದಾಗಿ ದೂರವಾದಷ್ಟೂ ಹೆಚ್ಚು ಕಾಲ ಬೇಕೆಂಬುದನ್ನು ಪಾಲ್ ಫಿಟ್ಸ್ ೧೯೫೪ರಲ್ಲಿ ಗಣಿತಸೂತ್ರವಾಗಿ ನಿರೂಪಿಸಿದನು. ನಿಮ್ಮ ಎಣಿಕೆಯು ಇದಕ್ಕೆ ಒಪ್ಪುತ್ತದೆಯೆ?

೪. ನಿಮ್ಮ ತರಗತಿಯ ಸ್ವಿಚ್ ಬೋರ್ಡಿನ ಚಿತ್ರವನ್ನು ಬರೆದು, ಯಾರೂ ತಡವರಿಸದಂತೆ ಅದನ್ನು ಹೇಗೆ ಬದಲಿಸಬಹುದೆಂದು ಹತ್ತು ವಾಕ್ಯಗಳಲ್ಲಿ ವಿವರಿಸಿರಿ. ಬೋರ್ಡನ್ನು ಬಿಚ್ಚಬೇಡಿರಿ.